ನವಮಿ, ಎರಡು ಹೊತ್ತು

ನೌಮೆ ಅಂತ ಹೇಳಿದ್ದಳು ಆಕಿ, ನೌಮೆ ಕಾಯಿಂಝಾ.
ಒಗ್ಗರಣಿ ಸಪ್ಪಳದಾಗ ನನಗ ಕೇಳಿದ್ದು ನವಮಿ.
ಖಾತೆ ಪುಸ್ತಕದಾಗ ಹಂಗ ಬರದೆ.
ಸಪ್ತಾಪುರದ ಖಾನಾವಳಿ, ತಿಂಗಳ ಊಟದವರು ನಲವತ್ತೊಂದು ಮಂದಿ,
ಯಾರ ಹೆಸರೂ ನನ್ನ ಕೈಯಾಗ ನೆಟ್ಟಗ ಉಳದಿಲ್ಲ.

ಊರು ಎಂಬಾಲೆ, ಯುಗಾಂಡಾ.
ಕೃಷಿ ವಿದ್ಯಾಲಯದಾಗ ಜೋಳದ ಬೀಜ ಓದತಾಳ.
ಮೊದಲ ದಿನಾನ ಕೇಳಿದಳು, ಇಲ್ಲೆ ಮಾಂಸ ಬೇಯಸ್ತೀರೇನು?
ಬೋರ್ಡ್ ನೋಡವ್ವ, ಲಿಂಗಾಯತ ಖಾನಾವಳಿ,
ಉಳ್ಳಾಗಡ್ಡಿಗಿಂತ ದೊಡ್ಡ ಜೀವ ಈ ಒಲಿ ಸುಟ್ಟಿಲ್ಲ ಅಂದೆ.
ಹಂಗಾರ ನಡೀತದ, ಅಂದು ಕುಂತಳು.
ಉಣ್ಣೂ ಮೊದಲ ಕೈ ತೊಳದು ತುಟಿ ಅಲಗಾಡಸ್ತಾಳ.

ರೊಟ್ಟಿ ಬಡಿಯೋ ಕಾತ್ರೀನ, ಕಲಘಟಗಿ ತಾಲೂಕಿನ ಸಿದ್ದಿ ಹೆಣ್ಣಮಗಳು.
ಇಬ್ಬರನ್ನೂ ಒಮ್ಮೆಲೆ ನೋಡಿದ ಗಿರಾಕಿ ಒಬ್ಬಂವ,
ಅಕ್ಕಾ, ನಿಮ್ಮೂರಿನಕಿ ಬಂದಾಳಲ್ಲ!
ಕಾತ್ರೀನ ಕೈ ನಿಲ್ಲಿಸಲಿಲ್ಲ:
ಹೌದ್ರೀ, ನಮ್ಮೂರಿಗೆ ಬಸ್ಸು ಸಂಗಮೇಶ್ವರ ದಾಟಿ ಹೋಗ್ತದ,
ಈಕಿ ಟಿಕೀಟು ಎಲ್ಲೀದೋ ಕೇಳ್ರಿ.
ಮುತ್ತಜ್ಜನ ಮುತ್ತಜ್ಜ ಹೂತ ಮಣ್ಣಿನ ಮ್ಯಾಲೆ ನಿಂತೂ
ದಿನಕ್ಕೊಮ್ಮೆರೆ ಯಾವ ದೇಶ ಅಂತ ಕೇಳಿಸಿಕೊಂಡಕಿ.

ಪರದೇಶದವರ ನೋಂದಣಿಗೆ
ಮನಿ ಮಾಲಕಿ ಅಂತ ನಾನೂ ಹೋಗಿದ್ದೆ.
ಧರ್ಮ?
ಯಹೂದಿ.
ಕಾರಕೂನ ಪೆನ್ನು ಎತ್ತಿ ಆಕಿ ಮಾರಿ ನೋಡಿದ:
ಅವರು ಬೆಳ್ಳಗ ಇರ್ತಾರಲ್ಲ?
ಆ ಕಾಲಮ್ಮಿನ ಜಗಳ ನಮ್ಮ ಮನ್ಯಾಗೂ ಐತ್ರೀ, ಅಂದೆ ನಾ,
ನನ್ನ ಗಂಡ ಒಂದು ಬರಸ್ತಾನ, ಮೈದುನ ಇನ್ನೊಂದು.
ಅಂವ ನಕ್ಕ. ಇತರೆ ಅಂತ ಬರದ.

ಮೆಟ್ಟಲ ಇಳೀತ ಹೇಳಿದಳು,
ಅವರಣ್ಣ ಒಮ್ಮೆ ಯೆರೂಸಲೇಮಿಗೆ ಹೊಂಟಿದ್ದನಂತ,
ವಿಮಾನ ಇಳದ ರಾತ್ರಿನ ಹೊಳ್ಳಿ ಕಳಿಸಿದರಂತ.
ಅಲ್ಲಿ ಕಾರಕೂನನ ಪ್ರಶ್ನೆನೂ ಇದ.

ಶುಕ್ರವಾರ ಹೊತ್ತು ಮುಳುಗೂಕ ಎರಡು ಮೇಣಬತ್ತಿ.
ಆಮ್ಯಾಲೆ ಸ್ವಿಚ್ ಮುಟ್ಟೂದಿಲ್ಲ.
ಮಲಗೂ ಮುಂದ ನಾನ ಏರಿ ಲೈಟ್ ಬಂದ್ ಮಾಡಿ ಬರ್ತೇನಿ.
ಆಕಿ ಹೇಳೂದಿಲ್ಲ, ನಾ ಕೇಳೂದಿಲ್ಲ.
ಹಾಡ್ತಾಳ, ಆದರ ಭಾಳ ಸಣ್ಣ ದನಿ.
ಜೋರಾಗಿ ಹಾಡ, ಇಲ್ಲೆ ಯಾರೂ ಏನೂ ಅನ್ನೂದಿಲ್ಲ ಅಂದರ
ಬರೂದಿಲ್ಲ ಅಂತಾಳ.
ಸೇನಾಧಿಪತಿ ಆಳತಿದ್ದ ಕಾಲಕ್ಕ ಅಜ್ಜ
ಬಾಳಿತ್ವಾಟದ ನಡಕಿನ ಮನ್ಯಾಗ, ಕಿಡಕಿಗೆ ಗೋಣಿಚೀಲ ಕಟ್ಟಿ,
ಪಿಸುಮಾತಿನಾಗ ಆಕಿ ಅವ್ವಗ ಕಲಿಸಿದ ಹಾಡಂತ ಅದು.
ಸೇನಾಧಿಪತಿ ಹೋಗಿ ಎಷ್ಟೋ ವರ್ಷಾತು,
ರಾಗಕ್ಕಿನ್ನೂ ಸುದ್ದಿ ಮುಟ್ಟಿಲ್ಲ.

ಊರಾಗ ಬಡಗಣಕ್ಕ ಮಾರಿ ಮಾಡಿ ಬೇಡಕೋತಿದ್ದರಂತ.
ಇಲ್ಲೆ ಪಡುವಣಕ್ಕ, ಕೆಲಗೇರಿ ಕೆರಿ ಕಡೆ.
ನಡುವ ನನ್ನ ಸಂಡಿಗಿ ಹರವಿದ ಮಾಳಿಗಿ.

ಒಮ್ಮೆ ಜಡಿ ಹೆಣದ ರೊಟ್ಟಿ ಬೇಕು ಅಂದಳು.
ಗೋದಿಹಿಟ್ಟು ತೀರಿತ್ತು, ಇದ್ದದ್ದು ಬಿಳಿಜೋಳ.
ಮೂರು ಎಳಿ ಮಾಡಿದಳು, ಮೂರೂ ಹರದವು.
ಕಾತ್ರೀನ ಎಸರು ಸುರುವಿ
ಸುಡೂ ಹಿಟ್ಟು ಅಂಗೈಲೆ ತಿಕ್ಕಿ ಕೊಟ್ಟಳು:
ಜೋಳಕ್ಕ ಅಂಟು ಹುಟ್ಟಿಂದ ಇರೂದಿಲ್ಲವ್ವ, ನಾವ ಬರಸಬೇಕು.
ಆದರೂ ಎರಡು ಕಡೆ ಬಿರೀತು.
ಬಿರಕಿನಾಗ ಶೇಂಗಾಚಟ್ನಿ ತುಂಬಿ ಮೂವರೂ ತಿಂದಿವಿ.

ಈ ಜೋಳ ನಮ್ಮ ಕಡೀದು, ಅಂದಳು ನವಮಿ ಬಾಯಿ ತುಂಬಿಕೊಂಡು,
ಸಾವಿರಾರು ವರ್ಷದ ಹಿಂದ ಆಫ್ರಿಕಾದಿಂದ ಬಂದದ್ದು, ಪುಸ್ತಕದಾಗ ಐತಿ.
ನಾ ಗಾಬರಿ. ರೊಟ್ಟಿ? ನಮ್ಮ ಜ್ವಾಳದ ರೊಟ್ಟಿ?
ಕಾತ್ರೀನ ಹಂಚಿನ ಕಡೆಯಿಂದ ಮಾರಿ ತಿರುವಿದಳು:
ಹಂಗಾರ ಇದನ್ಯಾಕ ಯಾರೂ ಯಾವ ದೇಶ ಅಂತ ಕೇಳೂದಿಲ್ಲ!
ನಗತ ನಗತ ಸೆರಗಿಲೆ ಕಣ್ಣೊರಸಿಕೊಂಡಳು,
ಹೊಗಿಗೋ ಏನೋ.

ಇಂದು ಶನಿವಾರ, ತಿಂಗಳ ಕಡೀ ದಿನ, ಲೆಕ್ಕ ಕೂಡಸಾಕತ್ತೇನಿ.
ನವಮಿ, ಎರಡು ಹೊತ್ತು.
ಶನಿವಾರ ರೊಕ್ಕ ಮುಟ್ಟೂದಿಲ್ಲ, ಆಯ್ತವಾರ ಕೊಡ್ತಾಳ.
ಹೆಸರು ತಿದ್ದಲೇನವ್ವ ಅಂದೆ.
ಒಡೀಬ್ಯಾಡ್ರಿ, ಅದರ ಮುಂದ ಇದನ್ನೂ ಬರೀರಿ ಅಂದಳು.
ಬರದೆ. ಜಾಗ ಸಾಲಲಿಲ್ಲ.
ಗೆರಿ ದಾಟಿ ಕಾಯಿಂಝಾ
ಪಕ್ಕದ ಕಾಲಮ್ಮಿನಾಗ ಹೋಗಿ ಕುಂತಿತು.